ಎದೆಗುಂದಿದವರ ಚರಿತ್ರೆ

ವಿದ್ಯುದಾಘಾತದಿಂದ ಹೃದಯವನ್ನು ಮರಳಿ ನಡೆಯಿಸಬಹುದೆಂಬ ತಿಳಿವು ವೈದ್ಯಲೋಕಕ್ಕೆ ಬಂದು ನೂರು ವರ್ಷಗಳ ಮೇಲಾಯಿತು; ಆ ಆಘಾತವನ್ನು ಉಂಡ ಮನುಷ್ಯನ ಮನಸ್ಸಿನ ಗತಿಯೇನೆಂಬ ಪ್ರಶ್ನೆಯಾದರೋ ಅಲ್ಲಿ ಎದ್ದುದು ಬಹಳ ತಡವಾಗಿ. ಈ ವಿಳಂಬಕ್ಕೆ ವೈದ್ಯರ ನಿರ್ದಯತೆ ಕಾರಣವೆಂದು ನಾನು ಭಾವಿಸುವುದಿಲ್ಲ. ಆ ಪ್ರಶ್ನೆಯನ್ನು ಕೇಳಬೇಕಾಗಿದ್ದವನೇ ಅಂದು ಎಚ್ಚತ್ತಿರಲಿಲ್ಲ. 1899ರಲ್ಲಿ ಜಿನೀವಾ ನಗರದ ಪ್ರೆವೋ ಮತ್ತು ಬತೆಲ್ಲಿ ಎಂಬ ವಿಜ್ಞಾನಿಗಳಿಬ್ಬರು, ಅಲ್ಪ ಪ್ರಮಾಣದ ವಿದ್ಯುತ್ತು ಹೃದಯವನ್ನು ತಾಳಗೆಟ್ಟ ಕಂಪನಕ್ಕೆ ದೂಡುವುದೆಂದೂ, ಅಧಿಕ ಪ್ರಮಾಣದ ವಿದ್ಯುತ್ತು ಅದೇ ಕಂಪನವನ್ನು ನಿಲ್ಲಿಸಬಲ್ಲುದೆಂದೂ ನಾಯಿಗಳ ಮೇಲಣ ಪ್ರಯೋಗಗಳಿಂದ ಕಂಡುಕೊಂಡರು. 1947ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಶಸ್ತ್ರವೈದ್ಯ ಕ್ಲಾಡ್ ಬೆಕ್, ಎದೆಯ ಶಸ್ತ್ರಕ್ರಿಯೆ ಮುಗಿಯುವ ಹೊತ್ತಿಗೆ ಹೃದಯ ಕೈಕೊಟ್ಟ 14 ವರ್ಷದ ಬಾಲಕನೊಬ್ಬನ ತೆರೆದ ಹೃದಯಕ್ಕೆ ವಿದ್ಯುತ್ತನ್ನು ಹಾಯಿಸಿ ಅವನನ್ನು ಬದುಕಿಸಿದನು. 1956ರಲ್ಲಿ ಪಾಲ್ ಜೋಲ್ ಎಂಬಾತನು ಎದೆಯನ್ನು ಕೊಯ್ಯದೆಯೇ ಚರ್ಮದ ಹೊರಗಿನಿಂದ ಈ ಕಾರ್ಯವನ್ನು ಸಾಧಿಸಿದನು. 1962ರಲ್ಲಿ ಬಾಸ್ಟನ್ನಿನ ಬರ್ನಾರ್ಡ್ ಲೌನ್ ಏಕಮುಖ ವಿದ್ಯುತ್ತನ್ನು ಬಳಕೆಗೆ ತಂದು ಅದನ್ನು ಇನ್ನಷ್ಟು ನಿರಪಾಯಗೊಳಿಸಿದನು. ಈ ಎಲ್ಲ ಸಂದರ್ಭಗಳಲ್ಲಿಯೂ ರೋಗಿಯು ಒಂದೋ ಪ್ರಜ್ಞೆ ತಪ್ಪಿ ಮರಣದ ಹೊಸ್ತಿಲಲ್ಲಿ ಬಿದ್ದಿರುತ್ತಿದ್ದನು, ಇಲ್ಲವೆ ಅರಿವಳಿಕೆಯ ಮದ್ದಿನಿಂದ ಮೈಮರೆತಿರುತ್ತಿದ್ದನು. ಕಣ್ಣು ತೆರೆದಾಗ ಅವನ ಪಾಲಿಗೆ ಉಳಿಯುತ್ತಿದ್ದುದು ಎದೆಯ ಮೇಲಿನ ಸುಟ್ಟ ಗುರುತು, ಸುತ್ತ ನಿಂತವರ ಹರ್ಷ, ಪೆಟ್ಟಿನ ನೆನಪಲ್ಲ.

ಎಚ್ಚತ್ತ ಮನುಷ್ಯನಿಗೆ, ಅವನು ಊಟಕ್ಕೆ ಕುಳಿತಾಗಲೋ ಸ್ನಾನಮಾಡುವಾಗಲೋ, ಮುನ್ಸೂಚನೆಯಿಲ್ಲದೆ, ಅವನ ಮೈಯೊಳಗಿನಿಂದಲೇ ಈ ಪೆಟ್ಟು ಬೀಳತಕ್ಕ ಕಾಲ ಬಂದುದು 1980ರಲ್ಲಿ. ಅದನ್ನು ತಂದವನ ಕಥೆಯನ್ನು ತುಸು ವಿಸ್ತಾರವಾಗಿಯೇ ಹೇಳಬೇಕು.

ಮಿಶೆಲ್ ಮಿರೋವ್‌ಸ್ಕಿ ಹುಟ್ಟಿದುದು 1924ರಲ್ಲಿ, ಪೋಲೆಂಡಿನ ವಾರ್ಸಾ ನಗರದ ಯೆಹೂದಿ ಮನೆತನದಲ್ಲಿ. ಹುಟ್ಟುಹೆಸರು ಮೊರ್ದೆಖಾಯ್ ಫ್ರೀಡ್‌ಮನ್. 1939ರಲ್ಲಿ ಜರ್ಮನ್ ಸೈನ್ಯ ನಗರವನ್ನು ಹಿಡಿದ ಮೇಲೆ, ಮಗನ ಕುಲವನ್ನು ಮರೆಮಾಚುವುದಕ್ಕಾಗಿ ತಂದೆಯೇ ಆ ಹೆಸರನ್ನು ಬದಲಿಸಿದನು. ಹದಿನೈದರ ಹುಡುಗನು ಮನೆ ಬಿಟ್ಟು ಪೂರ್ವಕ್ಕೆ, ರಷ್ಯದ ಕಡೆಗೆ ಓಡಿದನು. ಯುದ್ಧ ಮುಗಿದು ಹಿಂದಿರುಗಿದಾಗ ಅವನ ಮನೆಯವರಲ್ಲಿ ಒಬ್ಬರೂ ಉಳಿದಿರಲಿಲ್ಲ. ಮುಂದೆ ಆತನು ಫ್ರಾನ್ಸಿನ ಲಿಯೋನ್ ನಗರದಲ್ಲಿ ವೈದ್ಯವಿದ್ಯೆಯನ್ನು ಕಲಿತು, ಇಸ್ರೇಲಿನಲ್ಲಿ ಹ್ಯಾರಿ ಹೆಲ್ಲರ್ ಎಂಬ ಹಿರಿಯ ವೈದ್ಯನ ಕೈಕೆಳಗೆ ದುಡಿದನು. ಗುರುವೆಂದೂ ತಂದೆಯೆಂದೂ ಅವನು ನಂಬಿದ್ದ ಈ ಹೆಲ್ಲರನಿಗೆ 1966ರಲ್ಲಿ ಹೃತ್ಕುಕ್ಷಿಯ ಅತಿವೇಗದ ಬಡಿತ ಕಾಣಿಸಿಕೊಂಡಿತು. ಇದು ಮರಳಿ ಬರತಕ್ಕ ವ್ಯಾಧಿ, ಬಂದರೆ ಕೊಲ್ಲತಕ್ಕದ್ದು, ಕೊಲ್ಲದಂತೆ ತಡೆಯಬಲ್ಲ ಯಂತ್ರ ಇರುವುದು ಆಸ್ಪತ್ರೆಯಲ್ಲಿ ಮಾತ್ರ ಎಂಬುದು ಗುರುಶಿಷ್ಯರಿಬ್ಬರಿಗೂ ತಿಳಿದಿತ್ತು. ಆದರೆ ಮನುಷ್ಯನು ಎಷ್ಟು ದಿನ ಆಸ್ಪತ್ರೆಯಲ್ಲಿ ಕುಳಿತಿರಬಲ್ಲನು? ಹೆಲ್ಲರನು ತೀರಿಕೊಂಡನು. ರೋಗಿಯನ್ನು ಯಂತ್ರದ ಬಳಿ ಕೂಡಿಹಾಕುವುದರ ಬದಲು ಯಂತ್ರವನ್ನೇ ರೋಗಿಯೊಳಗೆ ಇರಿಸಿಬಿಟ್ಟರೆ ಹೇಗೆ ಎಂಬ ಆಲೋಚನೆ ಶಿಷ್ಯನಲ್ಲಿ ಹುಟ್ಟಿದುದು ಆ ದುಃಖದಲ್ಲಿ.

ಹೃದಯಕ್ಕೆ ವಿದ್ಯುದಾಘಾತ ಕೊಡುವ ಅಂದಿನ ಡಿಫಿಬ್ರಿಲೇಟರು ಗಾಲಿಗಳ ಮೇಲೆ ದೂಡಿಕೊಂಡು ಹೋಗಬೇಕಾದಷ್ಟು ದೊಡ್ಡ ಯಂತ್ರ. ಅದನ್ನು ಅಂಗೈಯಗಲದ ಪೆಟ್ಟಿಗೆಗೆ ಇಳಿಸುವುದಾಗಿ ಹೇಳಿದವನನ್ನು ನೋಡಿ ತಜ್ಞರು ನಕ್ಕದ್ದರಲ್ಲಿ ಆಶ್ಚರ್ಯವಿಲ್ಲ. ಮಿರೋವ್‌ಸ್ಕಿ 1968ರಲ್ಲಿ ಬಾಲ್ಟಿಮೋರಿನ ಸೈನಾಯ್ ಆಸ್ಪತ್ರೆಗೆ ಬಂದು, ಮಾರ್ಟನ್ ಮೋವರ್ ಎಂಬ ಕಿರಿಯ ವೈದ್ಯನನ್ನು ಜೊತೆಗೂಡಿಸಿಕೊಂಡು, ಮರುವರ್ಷವೇ ಪ್ರಯೋಗಕ್ಕೆ ತೊಡಗಿದನು. 1972ರಲ್ಲಿ ಅವರ ಮೇಲೆ ಬಿದ್ದ ಅತಿ ಕಠಿಣವಾದ ಟೀಕೆಗೆ ಸಹಿ ಹಾಕಿದವರಲ್ಲಿ ಮೊದಲಿಗನು ಬರ್ನಾರ್ಡ್ ಲೌನನೇ, ಎಂದರೆ ಹೊರಗಿನ ಡಿಫಿಬ್ರಿಲೇಟರಿಗೆ ನಿಜವಾದ ರೂಪು ಕೊಟ್ಟವನೇ. ಅವಶ್ಯವೆಂದಲ್ಲ, ಮಾಡಲು ಸಾಧ್ಯವೆಂಬ ಕಾರಣಕ್ಕಾಗಿ ಮಾಡಹೊರಟ ವಸ್ತುವಿದು ಎಂಬುದು ಅವನ ಆಕ್ಷೇಪದ ತಿರುಳಾಗಿತ್ತು. ಚರಿತ್ರೆಯು ಮಿರೋವ್‌ಸ್ಕಿಯ ಪಕ್ಷದಲ್ಲಿ ತೀರ್ಪುಕೊಟ್ಟಿತೆಂಬುದು ದಿಟ. ಆದರೂ ಲೌನನು ಪೂರ್ತಿಯಾಗಿ ಸೋತನೆಂದು ಹೇಳಲು ನನಗೆ ಮನಸ್ಸು ಬಾರದು. ಏಕೆಂಬುದು ಮುಂದೆ ತಿಳಿಯುತ್ತದೆ.

ಹಣ ಕೊಡುವವರಿಲ್ಲದೆ, ಪಿಟ್ಸ್‌ಬರ್ಗಿನ ಬಳಿ ಸ್ಟೀಫನ್ ಹೈಲ್‌ಮನ್ ನಡೆಸುತ್ತಿದ್ದ ಒಂದು ಸಣ್ಣ ಕಾರ್ಖಾನೆಯ ಒತ್ತಾಸೆಯಿಂದ ಕೆಲಸ ಮುಂದುವರಿಯಿತು. 1970ರ ದಶಕದ ನಡುವೆ ಪೆಟ್ಟಿಗೆಯನ್ನು ನಾಯಿಯೊಂದರ ಮೈಯೊಳಗೆ ಇರಿಸಿ, ಅದರ ಹೃದಯವನ್ನು ಬುದ್ಧಿಪೂರ್ವಕವಾಗಿ ಕಂಪನಕ್ಕೆ ಒಳಪಡಿಸಿ, ನಡೆದುದೆಲ್ಲವನ್ನೂ ಚಲನಚಿತ್ರವಾಗಿ ತೆಗೆದರು. ನಾಯಿ ಕುಸಿದು ಬೀಳುತ್ತದೆ. ಕೆಲವು ಕ್ಷಣಗಳಲ್ಲಿ ಮೈ ಒಮ್ಮೆ ಅದುರುತ್ತದೆ. ಮರುಕ್ಷಣ ನಾಯಿ ಎದ್ದು ನಿಂತು ಬಾಲವಾಡಿಸುತ್ತದೆ. ನೋಡಿದವರಲ್ಲಿ ಕೆಲವರು, ಬೀಳುವುದನ್ನೂ ಏಳುವುದನ್ನೂ ನಾಯಿಗೆ ಕಲಿಸಿಕೊಟ್ಟಿದ್ದಾರೆಂದು ಅನುಮಾನಪಟ್ಟರಂತೆ. ಆದಕಾರಣ ಹೃದಯದ ವಿದ್ಯುತ್‌ರೇಖೆಯನ್ನೂ ಅದೇ ಚಿತ್ರದಲ್ಲಿ ಜೊತೆಜೊತೆಯಾಗಿ ತೋರಿಸಬೇಕಾಯಿತು. ಬಾಲವಾಡಿಸಿದ ಆ ನಾಯಿ ಜಗತ್ತಿಗೆ ಬಹಳವನ್ನು ಒಪ್ಪಿಸಿತು. ಅದಕ್ಕೆ ಹೇಗೆನ್ನಿಸಿತೆಂಬುದನ್ನು ಮಾತ್ರ ಅದು ಹೇಳುವಂತಿರಲಿಲ್ಲ.

1980ನೆಯ ಇಸವಿ ಫೆಬ್ರವರಿ 4ರಂದು ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಲೀವೈ ವಾಟ್ಕಿನ್ಸ್ ಎಂಬ ಶಸ್ತ್ರವೈದ್ಯನು ಮೊದಲ ಬಾರಿಗೆ ಈ ಯಂತ್ರವನ್ನು ಮನುಷ್ಯದೇಹದಲ್ಲಿ, ಒಬ್ಬ ಮಹಿಳೆಯಲ್ಲಿ, ಇರಿಸಿದನು. ಎದೆಯನ್ನು ತೆರೆದು ಹೃದಯದ ಬಳಿ ವಿದ್ಯುತ್ತು ಹಾಯುವ ತಗಡನ್ನು ಜೋಡಿಸಬೇಕು. ಕಾಲು ಕಿಲೋಗ್ರಾಮಿನಷ್ಟು ತೂಗುವ ಪೆಟ್ಟಿಗೆಯನ್ನು ಹೊಟ್ಟೆಯ ಚರ್ಮದಡಿಯಲ್ಲಿ ಹುದುಗಿಸಬೇಕು. ಈ ಆರಂಭಕಾಲದಲ್ಲಿ ಯಂತ್ರವನ್ನು ಪಡೆಯಲು ಅರ್ಹತೆಯೇನೆಂದರೆ, ಹೃದಯಾಘಾತದ ಸಂಬಂಧವಿಲ್ಲದೆ ಹೃದಯವು ಎರಡು ಬಾರಿಯಾದರೂ ನಿಂತು, ರೋಗಿಯು ಎರಡು ಬಾರಿಯೂ ಬದುಕಿ ಬಂದಿರಬೇಕು. ಈ ನಿಯಮವನ್ನು ನಾವು ಮರೆಯಬಾರದು. ಎರಡು ಸಲ ಸತ್ತು ಬಂದವನಿಗೆ ಎದೆಯಲ್ಲಿ ಬಿದ್ದ ಪೆಟ್ಟೆಂದರೆ ಮೂರನೆಯ ಸಾವು ತಪ್ಪಿತೆಂಬ ಸುದ್ದಿ. ಅದು ನೋವಾದರೂ ಋಣಭಾರದ ನೋವು. 1985ರಲ್ಲಿ ಅಮೆರಿಕದ ಸರ್ಕಾರವು ಯಂತ್ರಕ್ಕೆ ಅನುಮತಿ ನೀಡಿತು. 1996ರಲ್ಲಿಯೂ ಅನಂತರ 2002ರಲ್ಲಿಯೂ ಹೊರಬಂದ, ಆರ್ಥರ್ ಮಾಸ್ ಮುಂದಾಳಾಗಿ ನಡೆಸಿದ ಪರೀಕ್ಷೆಗಳು, ಹೃದಯ ಒಮ್ಮೆಯೂ ನಿಂತಿರದಿದ್ದರೂ ದುರ್ಬಲವಾಗಿರುವವರಿಗೆ ಮುಂಜಾಗ್ರತೆಯಾಗಿ ಇದನ್ನು ಇರಿಸಿದರೆ ಆಯುಸ್ಸು ಹೆಚ್ಚುವುದೆಂದು ತೋರಿಸಿದವು. ಅಲ್ಲಿಂದ ಲಕ್ಷಾಂತರ ಜನರ ಎದೆಗೆ, ಐಸಿಡಿ ಎಂದು ಹೆಸರಾದ ಈ ಯಂತ್ರ ಬಂದಿತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂತಹ ನಮ್ಮ ಆಸ್ಪತ್ರೆಗಳಿಗೂ ಬಂದಿತು. ಎದೆಯನ್ನು ತೆರೆಯುವ ಕಷ್ಟವೂ ಹೋಗಿ, ರಕ್ತನಾಳದ ಮೂಲಕ ತಂತಿಯನ್ನು ಇಳಿಸಿ ಹೆಗಲೆಲುಬಿನ ಕೆಳಗೆ ಪೆಟ್ಟಿಗೆಯನ್ನಿರಿಸುವ ಸುಲಭಕ್ರಮ ರೂಢಿಗೊಂಡಿತು. ಆದರೆ ಈ ಹೊಸಬರಿಗೆ ಪೆಟ್ಟಿನ ಅರ್ಥವೇ ಬೇರೆ. ಮರಣವನ್ನು ಕಂಡರಿಯದವನಿಗೆ ಮೊದಲನೆಯ ಶಾಕ್ ರಕ್ಷಣೆಯ ವಾರ್ತೆಯಾಗಿ ಬರುವುದಿಲ್ಲ. ತಾನು ಸಾಯುವವನಿದ್ದೆನೆಂಬ ವಾರ್ತೆಯಾಗಿ ಬರುತ್ತದೆ. ಒಂದೇ ಯಂತ್ರ, ಒಂದೇ ಪೆಟ್ಟು, ಇಪ್ಪತ್ತು ವರ್ಷಗಳಲ್ಲಿ ಅದನ್ನು ಪಡೆಯುವವರು ಬೇರೆಯಾದರು. ಅವರ ಅಂಜಿಕೆಯೂ ಬೇರೆಯಾಯಿತು. ವೈದ್ಯಗ್ರಂಥಗಳಲ್ಲಿ ಈ ವ್ಯತ್ಯಾಸಕ್ಕೆ ದೊರೆಯಬೇಕಾದಷ್ಟು ಸ್ಥಾನ ದೊರೆತಿಲ್ಲವೆಂದು ನನ್ನ ಅಭಿಪ್ರಾಯ.

ಪೆಟ್ಟು ಹೇಗಿರುತ್ತದೆ? ಹೇಸರಗತ್ತೆ ಎದೆಗೆ ಒದ್ದಂತೆ ಎಂಬುದು ಅಮೆರಿಕದ ರೋಗಿಗಳ ಬಾಯಲ್ಲಿ ಮೊದಲಿನಿಂದಲೂ ಬಂದ ಮಾತು. ಹೃದಯ ಪೂರ್ತಿಯಾಗಿ ಕಂಪನಕ್ಕೆ ಸಿಕ್ಕಿದರೆ ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ತಪ್ಪುವುದರಿಂದ ಪೆಟ್ಟು ತಿಳಿಯದಿರಬಹುದು. ಆದರೆ ಹೃತ್ಕುಕ್ಷಿಯ ವೇಗ ಹೆಚ್ಚಿಯೂ ರಕ್ತ ಹರಿಯುತ್ತಿರುವಾಗ ಮನುಷ್ಯ ಎಚ್ಚರದಲ್ಲಿಯೇ ಇರುತ್ತಾನೆ. ಹೃತ್ಕರ್ಣದ ಅಷ್ಟೇನೂ ಅಪಾಯಕರವಲ್ಲದ ತಾಳಭಂಗವನ್ನು ಯಂತ್ರವು ಮಾರಕವೆಂದು ತಪ್ಪಾಗಿ ತಿಳಿದಾಗಲೂ, ತಂತಿ ಸೀಳಿ ಸುಳ್ಳು ಸಂಕೇತ ಕೊಟ್ಟಾಗಲೂ ಇರುತ್ತಾನೆ. 2007ರಲ್ಲಿ ಒಂದು ಬಗೆಯ ತಂತಿ ಮುರಿಯುತ್ತಿರುವುದು ತಿಳಿದುಬಂದು ಅದರ ಮಾರಾಟವನ್ನೇ ನಿಲ್ಲಿಸಬೇಕಾಯಿತು. ಅದನ್ನು ಎದೆಯಲ್ಲಿ ಇಟ್ಟುಕೊಂಡಿದ್ದ ಕೆಲವರು ಆರೋಗ್ಯವಾಗಿ ಬಡಿಯುತ್ತಿದ್ದ ಹೃದಯದ ಮೇಲೆ ಮತ್ತೆ ಮತ್ತೆ ಪೆಟ್ಟು ತಿಂದರು. ಆದಿಯ ಯಂತ್ರಗಳಲ್ಲಿಯಂತೂ ಇನ್ನೊಂದು ಕೊರತೆ. ತಾನು ಏಕೆ ಹೊಡೆದೆನೆಂಬುದರ ದಾಖಲೆಯನ್ನು ಅವು ಇಟ್ಟುಕೊಳ್ಳುತ್ತಿರಲಿಲ್ಲ. ಬಿದ್ದ ಪೆಟ್ಟು ಅವಶ್ಯವೋ ಅನವಶ್ಯವೋ ಎಂದು ಕೇಳಿದ ರೋಗಿಗೆ ವೈದ್ಯನು ಊಹೆಯ ಉತ್ತರವನ್ನಲ್ಲದೆ ಬೇರೇನನ್ನೂ ಕೊಡಲಾರದವನಾಗಿದ್ದನು. ಶಿಕ್ಷೆ ಇದೆ, ಕಾರಣ ತಿಳಿಯದು. ಇದಕ್ಕಿಂತ ಮನಸ್ಸನ್ನು ಮುರಿಯುವ ಏರ್ಪಾಡನ್ನು ಕಲ್ಪಿಸುವುದು ಕಷ್ಟ.

ಅದು ಹೇಗೆ ಮುರಿಯುತ್ತದೆಂಬುದನ್ನು ಮೊದಲು ಗಮನಿಸಿದವರು ಯಂತ್ರಶಿಲ್ಪಿಗಳಲ್ಲ. ವಾರ್ಡುಗಳ ದಾದಿಯರು ಮತ್ತು ಆಸ್ಪತ್ರೆಗಳಿಗೆ ಕರೆಬಂದಾಗ ಹೋಗುತ್ತಿದ್ದ ಮನೋವೈದ್ಯರು. ಸ್ನಾನದಲ್ಲಿ ಪೆಟ್ಟು ಬಿದ್ದವನು ಬಚ್ಚಲಿಗೆ ಹೋಗಲೊಲ್ಲನು. ಮಹಡಿಯ ಮೆಟ್ಟಿಲಲ್ಲಿ ಬಿದ್ದವನು ಕೆಳಗಿನ ಕೋಣೆಯಲ್ಲಿಯೇ ಹಾಸಿಗೆ ಹಾಸಿಕೊಳ್ಳುವನು. ದಂಪತಿಗಳು ಬೇರೆ ಬೇರೆ ಮಲಗತೊಡಗುವರು. ಎದೆಬಡಿತ ತುಸು ಏರಿದರೂ ದಿಗಿಲಾಗಿ, ದಿಗಿಲಿನಿಂದ ಬಡಿತ ಮತ್ತಷ್ಟು ಏರಿ, ನಡಿಗೆಯನ್ನೂ ನಗುವನ್ನೂ ಬಿಟ್ಟು ಕುಳಿತವರುಂಟು. ಕೆಲವರು ನಡುರಾತ್ರಿ ಶಾಕ್ ಹೊಡೆಯಿತೆಂದು ಎದ್ದು ಕುಳಿತು ಆಸ್ಪತ್ರೆಗೆ ಧಾವಿಸಿ ಬರುವರು. ಯಂತ್ರವನ್ನು ಪರೀಕ್ಷಿಸಿದರೆ ಅದು ಹೊಡೆದೇ ಇರುವುದಿಲ್ಲ. ದೇಹವು ಪೆಟ್ಟನ್ನು ತಾನೇ ಕಲ್ಪಿಸಿಕೊಳ್ಳುವ ಈ ಮಿಥ್ಯಾಘಾತವು 1990ರ ದಶಕದ ವೈದ್ಯಪತ್ರಿಕೆಗಳಲ್ಲಿ ವರದಿಯಾಯಿತು. 1967ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಸೆಲಿಗ್‌ಮನ್ ಮತ್ತು ಮೇಯರ್, ತಪ್ಪಿಸಿಕೊಳ್ಳಲಾಗದ ಶಾಕ್ ತಿಂದ ನಾಯಿಗಳು ಅನಂತರ ತಪ್ಪಿಸಿಕೊಳ್ಳುವ ದಾರಿ ತೆರೆದಿದ್ದರೂ ಮಲಗಿದಲ್ಲಿಯೇ ನರಳುತ್ತಿರುವುದನ್ನು ತೋರಿಸಿ, ಕಲಿತ ಅಸಹಾಯಕತೆಯೆಂಬ ಸಿದ್ಧಾಂತವನ್ನು ಮಂಡಿಸಿದ್ದರು. ಮನೋವೈದ್ಯರಿಗೆ ಈಗ ಅದರ ಮಾನುಷ ರೂಪ ಕಣ್ಣೆದುರಿಗೇ ಕಂಡಂತಾಯಿತು. ಜಿನೀವಾ, ಬಾಲ್ಟಿಮೋರ್, ಪೆನ್ಸಿಲ್ವೇನಿಯ, ಈ ಚರಿತ್ರೆಯ ಯಾವ ಪುಟವನ್ನು ತೆರೆದರೂ ಅಲ್ಲೊಂದು ಮೂಕ ನಾಯಿ ಇರುತ್ತದೆ; ಮನುಷ್ಯನು ತನ್ನ ಸಂಕಟವನ್ನು ಅರಿಯುವುದಕ್ಕೂ ಆ ಪ್ರಾಣಿಯೇ ಬೇಕಾಯಿತೆಂಬುದು ವಿಚಿತ್ರ.

ಇಲ್ಲಿ ಲೌನನು ಮತ್ತೆ ಬರುತ್ತಾನೆ. ಮಿರೋವ್‌ಸ್ಕಿ ಯಂತ್ರದ ಹಿಂದೆ ಬಿದ್ದಿದ್ದ ವರ್ಷಗಳಲ್ಲಿ ಲೌನನು, ಹೃದಯದ ತಾಳಭಂಗಕ್ಕೂ ಮನಸ್ಸಿನ ಕ್ಷೋಭೆಗೂ ಇರುವ ಸಂಬಂಧವನ್ನು ಅರಸುತ್ತಿದ್ದನು. 1981ರಲ್ಲಿ ಅವನೂ ಅವನ ಸಂಗಡಿಗರೂ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಾಣಾಂತಿಕ ತಾಳಭಂಗಕ್ಕೆ ಗುರಿಯಾದ 117 ರೋಗಿಗಳ ಪೈಕಿ 25 ಮಂದಿಯಲ್ಲಿ, ಆ ಘಟನೆಗೆ ಸ್ವಲ್ಪ ಮುಂಚೆ ತೀವ್ರವಾದ ಭಾವೋದ್ವೇಗ ನಡೆದಿತ್ತೆಂದು ಕಂಡುಬಂದಿತು. ಎದೆಯೊಳಗಿನ ಪೆಟ್ಟಿಗೆಗಳು ದಾಖಲೆಯಿಡಲು ಕಲಿತ ಮೇಲೆ ಈ ಮಾತಿಗೆ ಬಲವಾದ ಸಾಕ್ಷ್ಯ ದೊರೆಯಿತು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಜೋಡಿಗೋಪುರಗಳು ಉರುಳಿದ ಅನಂತರದ 30 ದಿನಗಳಲ್ಲಿ, ಆ ನಗರದ ಚಿಕಿತ್ಸಾಲಯಗಳಿಗೆ ಬರುತ್ತಿದ್ದ 200 ಮಂದಿ ಐಸಿಡಿ ರೋಗಿಗಳನ್ನು ಪರಿಶೀಲಿಸಿದಾಗ, ಹೃತ್ಕುಕ್ಷಿಯ ಮಾರಕ ತಾಳಭಂಗದ ಸಂಭವವು ಹಿಂದಿಗಿಂತ 2.3 ಪಟ್ಟು ಏರಿತ್ತು. ಭಯವು ಕೇವಲ ಪೆಟ್ಟಿನ ಫಲವಲ್ಲ, ಪೆಟ್ಟಿನ ಬೀಜವೂ ಆಗಬಲ್ಲುದೆಂದ ಮೇಲೆ, ರೋಗಿಯ ಅಂಜಿಕೆಯನ್ನು ಸ್ವಭಾವದೌರ್ಬಲ್ಯವೆಂದು ತಳ್ಳಿಹಾಕುವಂತಿರಲಿಲ್ಲ. 2008ರಲ್ಲಿ ಜರ್ಮನಿಯಲ್ಲಿ ಲಾಡ್‌ವಿಗ್ ಮತ್ತು ಸಂಗಡಿಗರು, ಆಘಾತದ ಸ್ಮೃತಿ ಬಿಡದೆ ಕಾಡುತ್ತಿದ್ದ ಐಸಿಡಿ ರೋಗಿಗಳಲ್ಲಿ ಮರಣವೇ ಹೆಚ್ಚೆಂದು ತೋರಿಸಿದರು. ಒಂದೇ ದಿನದಲ್ಲಿ ಮೂರು ಅಥವಾ ಹೆಚ್ಚು ಬಾರಿ ತಾಳ ತಪ್ಪಿ ಪೆಟ್ಟಿನ ಮೇಲೆ ಪೆಟ್ಟು ಬೀಳುವ ಸ್ಥಿತಿಗೆ ವೈದ್ಯರು ವಿದ್ಯುತ್ ಚಂಡಮಾರುತವೆಂದು ಹೆಸರಿಟ್ಟಿದ್ದಾರೆ. ಅದನ್ನು ಶಮನಮಾಡುವ ಮದ್ದುಗಳಲ್ಲಿ ಮುಖ್ಯವಾದವು ನರಗಳ ಉದ್ರೇಕವನ್ನು ಇಳಿಸುವ ಮದ್ದುಗಳೇ, ರೋಗಿಗೆ ಮಂಪರು ತರುವ ಮದ್ದುಗಳೇ. ಯಂತ್ರವನ್ನು ಕುರಿತು ಲೌನನ ತೀರ್ಪು ಸುಳ್ಳಾಯಿತು, ಮನಸ್ಸನ್ನು ಕುರಿತ ಅವನ ಹಟ ನಿಜವಾಯಿತು.

ಹಾಗಾದರೆ ಎದೆಗುಂದಿದವರನ್ನು ಮರಳಿ ನಿಲ್ಲಿಸಿದುದು ಯಾವುದು? ಮೊದಮೊದಲಿಗೆ, ಕೂಡಿ ಕುಳಿತು ಆಡಿದ ಮಾತು. 1980ರ ದಶಕದಲ್ಲಿ ಅಮೆರಿಕದ ಕೆಲವು ಆಸ್ಪತ್ರೆಗಳ ದಾದಿಯರು ಯಂತ್ರಧಾರಿಗಳನ್ನೂ ಅವರ ಗಂಡಹೆಂಡಿರನ್ನೂ ಆಗಾಗ್ಗೆ ಒಂದೆಡೆ ಸೇರಿಸತೊಡಗಿದರು. ಪೆಟ್ಟು ತಿಂದವನು ತಿನ್ನದವನಿಗೆ ಅದರ ವರ್ಣನೆಯನ್ನು ಹೇಳಿದರೆ ಕೇಳುವವನ ಭಯ ಹೆಚ್ಚೀತೆಂಬ ಶಂಕೆ ಇಲ್ಲದಿರಲಿಲ್ಲ. ಆದರೆ ಪೆಟ್ಟು ತಿಂದೂ ತೋಟಕ್ಕೆ ನೀರು ಹಾಯಿಸುತ್ತಿರುವವನನ್ನು ಕಣ್ಣಾರೆ ಕಾಣುವುದರ ಬೆಲೆ ಬೇರೆ. ಅನಂತರ ಮನಃಶಾಸ್ತ್ರಜ್ಞರು ಬಂದರು. ಅವರಲ್ಲಿ ಸ್ಯಾಮ್ಯುಯೆಲ್ ಸಿಯರ್ಸ್ ಎಂಬಾತನು ಫ್ಲಾರಿಡದಲ್ಲಿಯೂ ಆಮೇಲೆ ಉತ್ತರ ಕೆರೊಲೈನದಲ್ಲಿಯೂ ಈ ಒಂದೇ ವಿಷಯವನ್ನು ಹಿಡಿದು ದುಡಿದನು. ಶಾಕಿನ ಭಯವನ್ನು ಅಳೆಯುವುದಕ್ಕೆ 2006ರಲ್ಲಿ ಹೊರಬಂದ ಹತ್ತು ಪ್ರಶ್ನೆಗಳ ಪಟ್ಟಿ ಅವನ ಬಳಗದ್ದು. ಪೆಟ್ಟು ಬೀಳುವುದಕ್ಕೆ ಮುಂಚೆಯೇ, ಬಿದ್ದಾಗ ಮಾಡತಕ್ಕದ್ದೇನೆಂಬುದನ್ನು ಬರೆದಿಟ್ಟುಕೊಳ್ಳಬೇಕೆಂಬುದು ಅವನ ಉಪದೇಶಗಳಲ್ಲಿ ಬಹಳ ಸರಳವಾದದ್ದು, ನನ್ನ ಎಣಿಕೆಯಲ್ಲಿ ಬಹಳ ಮೇಲಾದದ್ದು ಕೂಡ: ಒಂದೇ ಪೆಟ್ಟು ಬಿದ್ದು ಮೈ ಸರಿಯಾಗಿದ್ದರೆ ಕುಳಿತು ಸುಧಾರಿಸಿಕೊಂಡು ವೈದ್ಯರಿಗೆ ತಿಳಿಸಿದರೆ ಸಾಕು, ಎರಡು ಅಥವಾ ಹೆಚ್ಚು ಬಿದ್ದರೆ, ಅಥವಾ ಒಂದರ ಮೇಲೆಯೇ ಎದೆನೋವು, ಉಸಿರುಕಟ್ಟು, ತಲೆಸುತ್ತು ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಗಾಬರಿಯ ಹೊತ್ತಿನಲ್ಲಿ ಬುದ್ಧಿ ಮಾಡಬೇಕಾದ ಕೆಲಸವನ್ನು ನೆಮ್ಮದಿಯ ಹೊತ್ತಿನಲ್ಲಿ ಮಾಡಿ ಮುಗಿಸಿಟ್ಟುಕೊಳ್ಳುವ ಉಪಾಯವಿದು. ಇದರ ಹಿಂದೆ, ಬಿಟ್ಟುಬಿಟ್ಟ ಕೆಲಸಗಳಿಗೆ ಹಂತಹಂತವಾಗಿ ಮರಳುವ ಅಭ್ಯಾಸ: ಇಂದು ಬಚ್ಚಲಿನ ಬಾಗಿಲವರೆಗೆ, ನಾಳೆ ಒಳಕ್ಕೆ. ಅದೇ ಜಾಗದಲ್ಲಿ ನಿಂತು ಪೆಟ್ಟು ಬೀಳದಿರುವುದನ್ನು ದೇಹವೇ ಅನುಭವಿಸಿ ನಂಬಬೇಕಲ್ಲದೆ ಬೇರೆಯವರ ಬಾಯಿಮಾತಿನಿಂದ ಆ ನಂಬಿಕೆ ಹುಟ್ಟದು.

2009ರ ಜೂನಿನಲ್ಲಿ ಬೆಲ್ಜಿಯಮಿನ ಕಾಲ್ಚೆಂಡಾಟದ ಮೈದಾನವೊಂದರಲ್ಲಿ ಎದೆಯಲ್ಲಿ ಐಸಿಡಿ ಇದ್ದ ಆಂಟೊನಿ ವಾನ್ ಲೋ ಎಂಬ ಯುವ ಆಟಗಾರನು ಇದ್ದಕ್ಕಿದ್ದಂತೆ ಕುಸಿದನು. ಅವನ ಮೈ ಒಮ್ಮೆ ಪುಟಿಯಿತು. ಅವನು ಎದ್ದು ಕುಳಿತನು. ಕ್ಯಾಮೆರಾದಲ್ಲಿ ಸೆರೆಯಾದ ಆ ದೃಶ್ಯವನ್ನು ಜಗತ್ತೆಲ್ಲ ನೋಡಿ ಬೆರಗಾಯಿತು. ಇದು ಬಾಲ್ಟಿಮೋರಿನ ನಾಯಿಯ ಚಿತ್ರವೇ ಮಾನವಪಾತ್ರದೊಡನೆ ಮರಳಿ ಬಂದಂತೆ. ನೋಡಿದವರ ಗಮನ ಎಂದಿನಂತೆ ಎದ್ದು ಕುಳಿತುದರ ಮೇಲೆ. ಆಮೇಲಿನ ರಾತ್ರಿಗಳನ್ನು ಯಾವ ಕ್ಯಾಮೆರಾವೂ ಹಿಡಿಯುವುದಿಲ್ಲ.

ಯಂತ್ರಶಿಲ್ಪಿಗಳು ಸುಮ್ಮನಿದ್ದರೆಂದು ಹೇಳಿದರೆ ಅನ್ಯಾಯವಾದೀತು. ಪೆಟ್ಟಿನ ಬದಲಿಗೆ, ಓಡುತ್ತಿರುವ ಹೃದಯಕ್ಕಿಂತ ತುಸು ವೇಗವಾಗಿ ಕೆಲವು ಮೆಲುಬಡಿತಗಳನ್ನು ಕೊಟ್ಟು ಅದನ್ನು ಹಾದಿಗೆ ತರುವ ಕ್ರಮವನ್ನು ಅವರು ಅಳವಡಿಸಿದರು. ವೇಗದ ತಾಳಭಂಗದಲ್ಲಿಯೂ ಇದು ಬಹುಮಟ್ಟಿಗೆ ಫಲಿಸುವುದೆಂದು 2004ರ ಪರೀಕ್ಷೆಯೊಂದು ತೋರಿಸಿತು, ಮತ್ತು ಇದು ನಡೆದುದೇ ಬಹಳ ಸಲ ರೋಗಿಗೆ ತಿಳಿಯದು. 2012ರಲ್ಲಿ ಮಾಸ್ ಮತ್ತು ಸಂಗಡಿಗರು 1500 ಮಂದಿಯಲ್ಲಿ ನಡೆಸಿದ ಪರೀಕ್ಷೆಯ ಫಲವಂತೂ ಯಂತ್ರದ ಬಗೆಗಿನ ಹಳೆಯ ಆತುರವನ್ನೇ ಖಂಡಿಸಿತು. ಹೊಡೆಯುವುದಕ್ಕೆ ಮುನ್ನ ಇನ್ನಷ್ಟು ಕಾಯುವಂತೆ, ಅಥವಾ ಇನ್ನೂ ಹೆಚ್ಚಿನ ವೇಗವನ್ನು ಕಂಡಲ್ಲದೆ ಕೈಯೆತ್ತದಂತೆ ಯಂತ್ರವನ್ನು ಅಣಿಗೊಳಿಸಿದರೆ, ಅನವಶ್ಯ ಚಿಕಿತ್ಸೆಯೂ ಇಳಿಯಿತು, ಮರಣವೂ ಇಳಿಯಿತು. ಅದುವರೆಗೆ ಬಿದ್ದ ಪೆಟ್ಟುಗಳಲ್ಲಿ ಎಷ್ಟೋ, ತುಸು ತಾಳಿದ್ದರೆ ತಾವಾಗಿಯೇ ಅಡಗುತ್ತಿದ್ದ ತಾಳಭಂಗಗಳ ಮೇಲೆ ಬಿದ್ದವುಗಳೆಂದಾಯಿತು.

ಮನೆಯವರ ವಿಚಾರ ಒಂದು ಉಳಿದಿದೆ. ಅಮೆರಿಕದ ಹೃದಯ ಸಂಘವು 2012ರಲ್ಲಿ ಐಸಿಡಿ ಪಡೆದವರ ಮನಸ್ಸಿನ ಆರೈಕೆಯನ್ನು ಕುರಿತು ಹೊರಡಿಸಿದ ಹೇಳಿಕೆಯು ರೋಗಿಗಳ ಜೊತೆಗೆ ಅವರ ಕುಟುಂಬಗಳನ್ನೂ ಹೆಸರಿಸಿತು. ಇದು ಉಚಿತವೇ. ಪೆಟ್ಟು ಬೀಳುವುದನ್ನು ಹೊರಗಿನಿಂದ ಕಂಡವರ ಅಂಜಿಕೆ, ಉಂಡವನ ಅಂಜಿಕೆಗಿಂತ ಕೆಲವು ವೇಳೆ ಹೆಚ್ಚೇ ಇರುತ್ತದೆ. ತಂತಿ ಹಿಡಿದು ಒದ್ದಾಡುವವನನ್ನು ಮುಟ್ಟಬಾರದೆಂಬ ಪಾಠವನ್ನು ಚಿಕ್ಕಂದಿನಿಂದ ಕೇಳಿ ಬೆಳೆದ ನಮ್ಮ ಮನೆಗಳಲ್ಲಿ, ಎದೆಯಲ್ಲಿ ಶಾಕ್ ಕೊಡುವ ಪೆಟ್ಟಿಗೆಯಿದೆ ಎಂದೊಡನೆ ಹೆಂಡತಿ ಗಂಡನ ಪಕ್ಕದಲ್ಲಿ ಮಲಗಲು ಹೆದರುವುದು, ಅಜ್ಜಿ ಮೊಮ್ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಳ್ಳಲು ಹಿಂಜರಿಯುವುದು ಸಹಜ. ಆದರೆ ಆ ವಿದ್ಯುತ್ತು ಹರಿಯುವುದು ಹೃದಯಕ್ಕೂ ಪೆಟ್ಟಿಗೆಗೂ ನಡುವೆ. ಪೆಟ್ಟು ಬೀಳುವ ಕ್ಷಣದಲ್ಲಿ ಮುಟ್ಟಿಕೊಂಡಿದ್ದವರಿಗೆ ಹೆಚ್ಚೆಂದರೆ ಕೈ ಜುಮ್ಮೆನ್ನಬಹುದು, ಕೇಡೇನೂ ಇಲ್ಲ. ಇಷ್ಟನ್ನು ಹೇಳಲು ವೈದ್ಯರಿಗೆ ಅರ್ಧ ನಿಮಿಷ ಸಾಕು. ಇಂದಿನ ಪೆಟ್ಟಿಗೆಗಳು ತಮ್ಮ ದಾಖಲೆಯನ್ನು ಮನೆಯಿಂದಲೇ ಆಸ್ಪತ್ರೆಗೆ ಕಳುಹಿಸಬಲ್ಲವು. ಬಿದ್ದ ಪೆಟ್ಟಿನ ಕಾರಣವನ್ನು ವೈದ್ಯನು ರೇಖೆಯಲ್ಲಿಯೇ ಓದಬಲ್ಲನು. ಆ ರೇಖೆಯನ್ನು ರೋಗಿಯ ಕಡೆಗೆ ತಿರುಗಿಸಿ, ಇಲ್ಲಿ ತಾಳ ತಪ್ಪಿತು, ಇಲ್ಲಿ ಪೆಟ್ಟು ಬಿತ್ತು, ಇಲ್ಲಿಂದ ಸರಿಯಾಯಿತು ಎಂದು ಬೆರಳಿಟ್ಟು ತೋರಿಸುವ ವೈದ್ಯರೂ ಇದ್ದಾರೆ, ತಾವು ನೋಡಿ ಕಡತವನ್ನು ಮುಚ್ಚಿಡುವ ವೈದ್ಯರೂ ಇದ್ದಾರೆ.